ಡಿಗ್ರಿಗೆ ಯಾವ ಸಬ್ಜೆಕ್ಟ್? ಇಷ್ಟದ್ದೋ, ಕೆಲಸ ಸಿಗೋದೋ? ಅರ್ಜಿ ಹಾಕೋ ಮುಂಚೆ ಇದನ್ನ ನೋಡಿ

ತೇರಗಾಂವ: ಪಿಯುಸಿ ರಿಸಲ್ಟ್ ಬಂದರೆ ಸಾಕು, ಹಳಿಯಾಳ ತಾಲೂಕಿನ ಮನೆಮನೆಯಲ್ಲೂ ಇದೇ ಚರ್ಚೆ. ಮಗಳಿಗೆ ಕನ್ನಡ ಇಲ್ಲವೇ ಇತಿಹಾಸ ಇಷ್ಟ. ಅಪ್ಪನ ಲೆಕ್ಕ ಬೇರೆ: 'ಬಿ.ಕಾಂ ಮಾಡಿದ್ರ ಬ್ಯಾಂಕಿನಾಗಾದ್ರೂ ಕೆಲಸ ಸಿಗ್ತದ'. ಕಬ್ಬು, ಭತ್ತದ ದುಡ್ಡಲ್ಲಿ ಫೀಸು, ಬಸ್ ಪಾಸು ಹೊಂದಿಸುವ ಮನೆಗೆ ಮೂರು ವರ್ಷ ಸಣ್ಣ ಮಾತಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ಇಷ್ಟೇ: ಬೇಕಾದ ಕೆಲಸ ಬರೀ ಡಿಗ್ರಿ ಕೇಳುತ್ತದೋ, ಸಬ್ಜೆಕ್ಟನ್ನೂ ಕೇಳುತ್ತದೋ?

ಯಾವ ಡಿಗ್ರಿಯಾದರೂ ನಡೆಯುತ್ತೆ

ಕೆಎಎಸ್, ಪಿಡಿಒ, ಎಫ್‌ಡಿಎ, ಪಿಎಸ್‌ಐ ಹುದ್ದೆಗಳಿಗೆ ಯಾವುದೇ ಪದವಿ ಸಾಕು. ಬ್ಯಾಂಕ್ ಕ್ಲರ್ಕ್, ಪಿಒ ಪರೀಕ್ಷೆಗೂ ಅಷ್ಟೇ. ಬ್ಯಾಂಕಿಗೆ ಬಿ.ಕಾಂ ಆಗಿರಲೇಬೇಕು ಅನ್ನೋದು ತಪ್ಪು ತಿಳಿವಳಿಕೆ. ಇಂಥ ಪರೀಕ್ಷೆ ಬರೆಯೋರು ಇಷ್ಟದ ವಿಷಯ ಓದಿದರೆ ನಷ್ಟವಿಲ್ಲ. ಇತಿಹಾಸ, ರಾಜ್ಯಶಾಸ್ತ್ರ ಓದಿದ್ದು ಸಾಮಾನ್ಯ ಜ್ಞಾನದ ಪತ್ರಿಕೆಗೂ ಕೈಹಿಡಿಯುತ್ತದೆ.

ಸಬ್ಜೆಕ್ಟೇ ಮುಖ್ಯ

ಹೈಸ್ಕೂಲ್ ಮೇಷ್ಟ್ರಾಗಬೇಕಾದರೆ ಕಲಿಸುವ ವಿಷಯವನ್ನು ಪದವಿಯಲ್ಲಿ ಓದಿರಬೇಕು, ಜೊತೆಗೆ ಬಿ.ಇಡಿ ಬೇಕು. ಪಿಯು ಉಪನ್ಯಾಸಕರಿಗೆ ಅದೇ ವಿಷಯದ ಸ್ನಾತಕೋತ್ತರ ಪದವಿ ಬೇಕು. ಇಲ್ಲಿ ಕಾಂಬಿನೇಷನ್ ತಪ್ಪಿದರೆ ಮುಂದೆ ಸರಿಪಡಿಸೋದು ಕಷ್ಟ.

ಕೆಲವು ಬಾಗಿಲು ಎಸ್ಸೆಸ್ಸೆಲ್ಸಿ ಆದ ಕೂಡಲೇ ಮುಚ್ಚುತ್ತವೆ. ನಮ್ಮದೇ ಜಿಲ್ಲೆಯ ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜಿದೆ, ಸೀಟು ಸಿಇಟಿ ಮೂಲಕ. ಕಾಡಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರದಿದ್ದರೆ ಅಲ್ಲಿ ಪ್ರವೇಶವಿಲ್ಲ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಎದುರಿಸಬೇಕು.

ಇಷ್ಟವನ್ನು ಬಿಡಬೇಕೇ?

ಬಿಡಬೇಕಾಗಿಲ್ಲ. ಗೋಕರ್ಣದ ಜಯಂತ ಕಾಯ್ಕಿಣಿ ಓದಿದ್ದು ಜೀವರಸಾಯನಶಾಸ್ತ್ರ, ಮುಂಬೈಯಲ್ಲಿ ಕೆಮಿಸ್ಟ್ ಆಗಿ ದುಡಿದರು. ಕಥೆ, ಕವಿತೆ ಬರೆಯೋದು ಜೊತೆಗೇ ನಡೆಯಿತು. ಹನೇಹಳ್ಳಿಯ ಯಶವಂತ ಚಿತ್ತಾಲರೂ ಮುಂಬೈಯ ರಾಸಾಯನಿಕ ಉದ್ಯಮದಲ್ಲಿದ್ದುಕೊಂಡೇ ಕಾದಂಬರಿ ಬರೆದರು. ಹಾಗಂತ ಲೆಕ್ಕಪತ್ರ ಕಂಡರೇ ಆಗದ ಹುಡುಗನನ್ನು ಬಿ.ಕಾಂಗೆ ತಳ್ಳಿದರೆ ಬಾಕಿ ಪೇಪರ್‌ಗಳು ಉಳಿದು, ಡಿಗ್ರಿಯೇ ಕೈಗೆ ಸಿಗದೆ ಹೋಗಬಹುದು.

ಈಗ ಮಾಡಬೇಕಾದ್ದು

ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಜಾರಿಯಲ್ಲಿದೆ. ಬೇಕೆನಿಸಿದ ಎರಡು ಮೂರು ಕೆಲಸಗಳ ಹಳೇ ನೇಮಕಾತಿ ಅಧಿಸೂಚನೆ ತೆಗೆದು 'ವಿದ್ಯಾರ್ಹತೆ' ಕಾಲಂ ಓದಿ. ಆ ಸಬ್ಜೆಕ್ಟ್ ಹತ್ತಿರದ ಕಾಲೇಜಿನಲ್ಲಿ ಇದೆಯೇ, ಪಾಠ ಮಾಡೋರು ಇದ್ದಾರೆಯೇ ಅಂತ ಕೇಳಿ. ಆಮೇಲೆ ಅಪ್ಪ, ಮಗಳು ಇಬ್ಬರೂ ಕೂತು ಅರ್ಜಿ ತುಂಬಲಿ.