ಸ್ಟೇರಿಂಗ್‌ಗೆ ಮರಳುವ ದೂರದ ದಾರಿ

ಅಮೆರಿಕದಲ್ಲಿ ಭಾರಿ ಲಾರಿ, ಪ್ರಯಾಣಿಕರ ಬಸ್ಸು, ಶಾಲಾ ವಾಹನ ಅಥವಾ ಅಪಾಯಕಾರಿ ರಾಸಾಯನಿಕ ತುಂಬಿದ ಟ್ಯಾಂಕರನ್ನು ಓಡಿಸಲು ವಾಣಿಜ್ಯ ಚಾಲನಾ ಪರವಾನಗಿ, ಅಂದರೆ ಅಲ್ಲಿನವರ ಬಾಯಲ್ಲಿ 'ಸಿಡಿಎಲ್', ಬೇಕಾಗುತ್ತದೆ. ಈ ಪರವಾನಗಿಯ ಮೇಲೆ ದುಡಿಯುವ ಚಾಲಕನ ಮೂತ್ರದಲ್ಲಿ ಮಾದಕವಸ್ತುವಿನ ಕುರುಹು ಕಂಡು ಅದು ಖಚಿತವಾದರೆ, ಅವನನ್ನು ಕೂಡಲೇ ವಾಹನದಿಂದ ಕೆಳಗಿಳಿಸಬೇಕೆಂದು ಒಕ್ಕೂಟ ಸರ್ಕಾರದ ಕಾನೂನು ವಿಧಿಸುತ್ತದೆ. ಕೆಳಗಿಳಿದವನು ಮತ್ತೆ ಹತ್ತುವ ಬಗೆಯನ್ನೂ ಅದೇ ಕಾನೂನು ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟಿದೆಯಾದರೂ, ಮೆಟ್ಟಿಲು ಹತ್ತಿ ಬಂದವನಿಗೆ ಬಾಗಿಲು ತೆರೆಯುವ ಹೊಣೆಯನ್ನು ಅದು ಯಾರ ಮೇಲೂ ಹೊರಿಸಿಲ್ಲ.

ಈ ಕಟ್ಟುಪಾಡಿನ ಬೇರು ರಸ್ತೆಯಲ್ಲಿಲ್ಲ, ರೈಲು ಹಳಿಯಲ್ಲಿದೆ. 1987ರ ಜನವರಿ 4ರಂದು ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ, ಕಾನ್‌ರೈಲ್ ಸಂಸ್ಥೆಯ ಜೋಡಿಸಿದ ಎಂಜಿನ್‌ಗಳು ನಿಲುಗಡೆಯ ಸಿಗ್ನಲ್ ದಾಟಿ ಆಮ್‌ಟ್ರಾಕ್ ಪ್ರಯಾಣಿಕರ ರೈಲಿನ ಹಾದಿಗೆ ನುಗ್ಗಿ, 16 ಮಂದಿ ಸತ್ತರು. ಎಂಜಿನ್ ಚಾಲಕ ಗಾಂಜಾ ಸೇದಿದ್ದನೆಂಬುದು ಆಮೇಲೆ ಹೊರಬಿತ್ತು. ಇದರಿಂದ ಎದ್ದ ಒತ್ತಡದ ಫಲವಾಗಿ 1991ರಲ್ಲಿ ಅಮೆರಿಕದ ಸಂಸತ್ತು ಸಾರಿಗೆ ನೌಕರರ ಪರೀಕ್ಷಾ ಕಾಯಿದೆಯನ್ನು ಅಂಗೀಕರಿಸಿ, ರೈಲು, ವಿಮಾನ, ನಗರ ಸಾರಿಗೆಗಳ ಜೊತೆಗೆ ಲಾರಿ ಚಾಲಕರನ್ನೂ ಅದರ ವ್ಯಾಪ್ತಿಗೆ ತಂದಿತು. ಕೆಲಸಕ್ಕೆ ಸೇರುವ ಮುನ್ನ, ಕೆಲವು ಬಗೆಯ ಅಪಘಾತಗಳ ನಂತರ, ಮೇಲಧಿಕಾರಿಗೆ ಸಕಾರಣ ಅನುಮಾನ ಬಂದಾಗ, ಮತ್ತು ಚೀಟಿ ಎತ್ತಿದ ಹಾಗೆ ಯಾವ ಮುನ್ಸೂಚನೆಯೂ ಇಲ್ಲದೆ ಪರೀಕ್ಷೆ ನಡೆಯುತ್ತದೆ. ಈ ಚೀಟಿ ಎತ್ತುವ ಪರೀಕ್ಷೆಗಳ ಸಂಖ್ಯೆ 2020ರಿಂದೀಚೆಗೆ ವರ್ಷಕ್ಕೆ ಒಟ್ಟು ಚಾಲಕರ ಸಂಖ್ಯೆಯ ಶೇ. 50ರಷ್ಟಿರಬೇಕು.

ಪರೀಕ್ಷೆಯ ವಿಧಾನವನ್ನು ತುಸು ಹತ್ತಿರದಿಂದ ನೋಡುವುದು ಉಚಿತ, ಏಕೆಂದರೆ ಮುಂದಿನ ವರ್ಷಗಳ ಅಲೆದಾಟವೆಲ್ಲ ಒಂದು ಪ್ಲಾಸ್ಟಿಕ್ ಲೋಟದಿಂದ ಶುರುವಾಗುತ್ತದೆ. ಚಾಲಕ ಕನಿಷ್ಠ 45 ಮಿಲಿಲೀಟರ್ ಮೂತ್ರ ಕೊಡಬೇಕು. ಲೋಟದ ಮೈಗೆ ಅಂಟಿಸಿದ ಪಟ್ಟಿಯಲ್ಲಿ ನಾಲ್ಕು ನಿಮಿಷದೊಳಗೆ ಅದರ ಉಷ್ಣತೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಕಾಣಬೇಕು, ಇಲ್ಲವಾದರೆ ಬೇರೆಯವರ ಮಾದರಿಯನ್ನೋ ಪುಡಿ ಕಲಸಿದ ನೀರನ್ನೋ ಬಚ್ಚಿಟ್ಟು ತಂದಿರಬಹುದೆಂಬ ಅನುಮಾನಕ್ಕೆ ಎಡೆಯಾಗುತ್ತದೆ. ಮಾದರಿಯನ್ನು ಅವನ ಕಣ್ಣೆದುರೇ 30 ಮತ್ತು 15 ಮಿಲಿಲೀಟರಿನ ಎರಡು ಶೀಶೆಗಳಿಗೆ ಸುರಿದು, ಮೊಹರು ಹಾಕಿ, ಅದರ ಮೇಲೆ ಅವನಿಂದ ಚಿಕ್ಕ ಸಹಿ ಪಡೆಯುತ್ತಾರೆ. ಪ್ರಯೋಗಾಲಯವು ಗಾಂಜಾ, ಕೊಕೇನ್, ಆಂಫೆಟಮೈನ್ ಬಗೆಯ ಉತ್ತೇಜಕಗಳು, ಅಫೀಮು ಮೂಲದವೂ ಅದಕ್ಕೆ ಸಮಾನವಾದವೂ ಆದ ನೋವುನಿವಾರಕಗಳು ಮತ್ತು ಪಿಸಿಪಿ ಎಂಬ ಭ್ರಮಾಜನಕ, ಹೀಗೆ ಐದು ಗುಂಪುಗಳನ್ನು ಹುಡುಕುತ್ತದೆ. ಮೊದಲ ಸುತ್ತಿನಲ್ಲಿ ಸಿಕ್ಕಿದ್ದನ್ನು ಇನ್ನೂ ಸೂಕ್ಷ್ಮವಾದ ಎರಡನೆಯ ಸುತ್ತಿನಲ್ಲಿ ದೃಢಪಡಿಸಿಕೊಳ್ಳುತ್ತದೆ.

ಫಲಿತಾಂಶ ಮಾಲೀಕನಿಗೆ ಮುಟ್ಟುವ ಮುನ್ನ 'ವೈದ್ಯಕೀಯ ಪರಿಶೀಲನಾಧಿಕಾರಿ' ಎಂಬ ಸ್ವತಂತ್ರ ವೈದ್ಯರ ಕೈ ಸೇರುತ್ತದೆ. ಅವರು ಚಾಲಕನಿಗೆ ಫೋನ್ ಮಾಡಿ, ವೈದ್ಯರ ಚೀಟಿಯಂತೆ ತೆಗೆದುಕೊಂಡ ಔಷಧಿಯೇನಾದರೂ ಇದಕ್ಕೆ ಕಾರಣವೇ ಎಂದು ವಿಚಾರಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಬರೆದುಕೊಟ್ಟ ನೋವಿನ ಮಾತ್ರೆಗೆ ಪುರಾವೆ ಇದ್ದರೆ ಅದು ಒಪ್ಪಿತವಾಗಬಹುದು. ಆದರೆ ಗಾಂಜಾಕ್ಕೆ ರಾಜ್ಯ ಕಾನೂನಿನ ಅನುಮತಿಯಿದ್ದರೂ, ಅದನ್ನು ವೈದ್ಯರೇ ಸೂಚಿಸಿದ್ದರೂ ಆ ಕಾರಣ ನಡೆಯುವುದಿಲ್ಲ. ಫಲಿತಾಂಶದ ಮೇಲೆ ನಂಬಿಕೆ ಬಾರದ ಚಾಲಕನು 72 ಗಂಟೆಯೊಳಗೆ ಕೇಳಿದರೆ ಎರಡನೆಯ ಶೀಶೆಯನ್ನು ಬೇರೊಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಪರೀಕ್ಷೆಯನ್ನೇ ನಿರಾಕರಿಸುವುದು, ನಡುವೆ ಎದ್ದು ಹೋಗುವುದು, ಮಾದರಿಗೆ ಏನಾದರೂ ಬೆರೆಸುವುದು ಇವೆಲ್ಲ ನಪಾಸಾದದ್ದಕ್ಕೆ ಸಮ.

ಇಲ್ಲೊಂದು ತಕರಾರಿಗೆ ಆಸ್ಪದವಿದೆ. ಮೂತ್ರದಲ್ಲಿ ಸಿಗುವುದು ಗಾಂಜಾದ ಅಮಲಲ್ಲ, ದೇಹವು ಅದನ್ನು ಅರಗಿಸಿದ ಮೇಲೆ ಉಳಿದ ಶೇಷ. ಅದು ಕೊಬ್ಬಿನಲ್ಲಿ ಅಡಗಿ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಕಾಣಿಸಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಅಂಗಡಿಯಿಂದ ಕಾನೂನುಬದ್ಧವಾಗಿಯೇ ಗಾಂಜಾ ಕೊಂಡು ರಜೆಯಲ್ಲಿ ಸೇದಿದವನು, ಹತ್ತು ದಿನ ಕಳೆದು ಪೂರ್ಣ ಎಚ್ಚರದಲ್ಲಿ ಲಾರಿ ಏರಿದಾಗಲೂ ಸಿಕ್ಕಿಬೀಳಬಹುದು. ಭಾರತದ ಮೋಟಾರು ವಾಹನ ಕಾಯಿದೆಯ 185ನೇ ಕಲಮು ಕೇಳುವ ಪ್ರಶ್ನೆಯೇ ಬೇರೆ: ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯ 30 ಮಿಲಿಗ್ರಾಂ ಮೀರಿದೆಯೇ, ಅಥವಾ ಮಾದಕವಸ್ತುವಿನ ಪ್ರಭಾವದಿಂದ ಚಾಲಕ ಹತೋಟಿ ತಪ್ಪಿದ್ದಾನೆಯೇ ಎಂಬುದು. ಬೆಂಗಳೂರಿನ ರಾತ್ರಿಗಳಲ್ಲಿ ಪೊಲೀಸರು 'ಊದಿ' ಎಂದು ಯಂತ್ರ ಚಾಚುವಾಗ ಹುಡುಕುವುದು ಆ ಹೊತ್ತಿನ ಸ್ಥಿತಿಯನ್ನು. ಅಮೆರಿಕದ ಲೋಟ ಹುಡುಕುವುದು ಕಳೆದ ಕೆಲವು ವಾರಗಳ ನಡತೆಯನ್ನು. ನಲವತ್ತು ಟನ್ ತೂಕದ ವಾಹನದ ವಿಷಯದಲ್ಲಿ ಅತಿ ಎಚ್ಚರ ತಪ್ಪಲ್ಲವೆಂದು ವಾದಿಸಬಹುದು. ಆದರೂ ಒಟ್ಟು ನಪಾಸಾದ ಪರೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಗಾಂಜಾದವೇ ಎಂಬುದನ್ನು ನೆನೆದರೆ, ಈ ವ್ಯತ್ಯಾಸ ಸಣ್ಣದಲ್ಲ.

ಮರಳುವ ದಾರಿಯ ಕಾವಲುಗಾರ 'ಮಾದಕವ್ಯಸನ ತಜ್ಞ'. ಇವರನ್ನು ಲಾರಿಯವರು 'ಸ್ಯಾಪ್' ಎಂದಷ್ಟೇ ಕರೆಯುತ್ತಾರೆ. ಇವರು ಚಾಲಕನ ಪರ ವಕೀಲರೂ ಅಲ್ಲ, ಮಾಲೀಕನ ಗುಮಾಸ್ತರೂ ಅಲ್ಲ. ಜನರ ಸುರಕ್ಷತೆಯನ್ನು ಮುಂದಿಟ್ಟುಕೊಂಡು ಚಾಲಕನ ಪರಿಸ್ಥಿತಿಯನ್ನು ಅಳೆದು, ಒಂದೋ ತಿಳಿವಳಿಕೆಯ ತರಗತಿ, ಇಲ್ಲವೇ ಆಪ್ತಸಮಾಲೋಚನೆ ಅಥವಾ ಚಿಕಿತ್ಸೆಯನ್ನು ವಿಧಿಸಲೇಬೇಕು. 'ಇವನಿಗೆ ಏನೂ ಬೇಕಿಲ್ಲ' ಎಂದು ಬರೆದು ಕಳಿಸುವ ಅಧಿಕಾರ ಅವರಿಗಿಲ್ಲ. ತಮ್ಮದೇ ಚಿಕಿತ್ಸಾಲಯಕ್ಕೆ ಚಾಲಕನನ್ನು ಕಳಿಸಿ ಲಾಭ ಮಾಡಿಕೊಳ್ಳುವಂತಿಲ್ಲ. ಚಾಲಕನೂ ಇವರು ಬಿಗಿಯೆಂದು ಮತ್ತೊಬ್ಬ ತಜ್ಞರನ್ನು ಅರಸಿ ಹೋಗುವಂತಿಲ್ಲ. ವಿಧಿಸಿದ್ದು ಮುಗಿದ ಮೇಲೆ ಅದೇ ತಜ್ಞರು ಎರಡನೆಯ ಸಲ ನೋಡಿ ಒಪ್ಪಿದರೆ, ಆಗ 'ಕೆಲಸಕ್ಕೆ ಮರಳುವ ಪರೀಕ್ಷೆ' ಎದುರಾಗುತ್ತದೆ. ಇದು ಮೊದಲಿನ ಪರೀಕ್ಷೆಯಂತೆ ಮುಚ್ಚಿದ ಬಾಗಿಲ ಹಿಂದೆ ನಡೆಯುವುದಿಲ್ಲ. ಚಾಲಕ ಅಂಗಿಯನ್ನು ಸೊಂಟದ ಮೇಲಕ್ಕೆತ್ತಿ, ಪ್ಯಾಂಟನ್ನು ತೊಡೆಯ ನಡುವಿನವರೆಗೆ ಇಳಿಸಿ, ಮೈಯಲ್ಲಿ ಕೊಳವೆ ಕಟ್ಟಿಕೊಂಡಿಲ್ಲವೆಂದು ತಿರುಗಿ ತೋರಿಸಬೇಕು. ಅದೇ ಲಿಂಗದ ವೀಕ್ಷಕರೊಬ್ಬರು ಮೂತ್ರ ಲೋಟಕ್ಕೆ ಬೀಳುವುದನ್ನು ಕಣ್ಣಿಟ್ಟು ನೋಡುತ್ತಾರೆ.

ದಾರಿ ಕಟ್ಟಿಹೋಗುವುದು ಇದೇ ಮೆಟ್ಟಿಲಲ್ಲಿ. ಈ ಪರೀಕ್ಷೆಗೆ ಕಳಿಸಬೇಕಾದವನು ಮಾಲೀಕ. ಕೆಲಸ ಕಳೆದುಕೊಂಡ ಚಾಲಕ ತಾನಾಗಿ ಹೋಗಿ ಮಾಡಿಸಿಕೊಂಡರೆ ಅದು ಲೆಕ್ಕಕ್ಕಿಲ್ಲ. ಮಾಲೀಕನಿಗೆ ಕಾನೂನು ಹೊರಿಸಿರುವ ಕರ್ತವ್ಯ, ತಜ್ಞರ ಹೆಸರು ಮತ್ತು ವಿಳಾಸಗಳ ಪಟ್ಟಿಯೊಂದನ್ನು ಚಾಲಕನ ಕೈಗಿಡುವುದು ಮಾತ್ರ. ಖರ್ಚು ಭರಿಸಬೇಕೆಂದಾಗಲಿ, ಕೆಲಸ ಉಳಿಸಿಕೊಡಬೇಕೆಂದಾಗಲಿ ಅದು ಹೇಳುವುದಿಲ್ಲ. ಹೀಗಾಗಿ ಕೆಲಸ ಹೋದವನು ತಜ್ಞರ ಶುಲ್ಕವನ್ನು ಕೈಯಿಂದ ಕೊಟ್ಟು, ತರಗತಿ ಮುಗಿಸಿ, ತಾನಿನ್ನೂ 'ನಿಷೇಧಿತ' ಎಂಬ ಹಣೆಪಟ್ಟಿ ಹೊತ್ತೇ ಹೊಸ ಮಾಲೀಕನನ್ನು ಹುಡುಕಿ, ಪರೀಕ್ಷೆಗೆ ಕಳಿಸುವಂತೆ ಒಪ್ಪಿಸಬೇಕು. ಸ್ವಂತ ಲಾರಿ ಇಟ್ಟುಕೊಂಡು ಒಬ್ಬನೇ ಓಡಿಸುವವನಿಗೆ ಈ ತೊಡಕಿಲ್ಲ. ಅವನು ನೋಂದಾಯಿಸಿಕೊಂಡ ಪರೀಕ್ಷಾ ಒಕ್ಕೂಟವೇ ಅವನನ್ನು ಕಳಿಸುತ್ತದೆ.

ಹಣೆಪಟ್ಟಿ ಎಂಬುದು ಇಲ್ಲಿ ಬರಿಯ ಮಾತಲ್ಲ. 2020ರ ಜನವರಿ 6ರಿಂದ 'ಕ್ಲಿಯರಿಂಗ್‌ಹೌಸ್' ಎಂಬ ಕೇಂದ್ರ ದಾಖಲೆಕೋಶ ಜಾರಿಯಲ್ಲಿದ್ದು, ನಪಾಸಾದ ಪ್ರತಿಯೊಬ್ಬ ಚಾಲಕನ ವಿವರ ಅದರಲ್ಲಿ ಕನಿಷ್ಠ ಐದು ವರ್ಷ ಉಳಿಯುತ್ತದೆ; ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಅದನ್ನು ನೋಡದೆ ಇರುವಂತಿಲ್ಲ. ಮೊದಲು ಹಳೆಯ ಕಂಪನಿಯ ಹೆಸರನ್ನೇ ಅರ್ಜಿಯಲ್ಲಿ ಬರೆಯದೆ ಬೇರೆ ರಾಜ್ಯಕ್ಕೆ ಹೋಗಿ ಸೇರಿಬಿಡುತ್ತಿದ್ದ ಕಳ್ಳದಾರಿ ಇದರಿಂದ ಮುಚ್ಚಿತು. 2024ರ ನವೆಂಬರ್ 18ರಿಂದ ನಿಯಮ ಇನ್ನೂ ಬಿಗಿಯಾಗಿ, ನಿಷೇಧಿತನ ವಾಣಿಜ್ಯ ಪರವಾನಗಿಯನ್ನೇ ರಾಜ್ಯಗಳು 60 ದಿನದೊಳಗೆ ಕೆಳದರ್ಜೆಗೆ ಇಳಿಸಬೇಕಾಗಿದೆ: ಕಾರು ಓಡಿಸಬಹುದು, ಲಾರಿ ಓಡಿಸುವಂತಿಲ್ಲ. ಹೀಗೆ ನಿಷೇಧಿತರಾದವರಲ್ಲಿ ಸುಮಾರು ನಾಲ್ಕರಲ್ಲಿ ಮೂವರು ಮರಳುವ ಪ್ರಕ್ರಿಯೆಯನ್ನು ಆರಂಭಿಸಿಯೇ ಇಲ್ಲ. ಅವರಲ್ಲಿ ಬೇರೆ ಕಸುಬು ಹಿಡಿದವರೂ ಇರಬಹುದು, ಖರ್ಚಿಗೆ ಹೆದರಿದವರೂ ಇರಬಹುದು. ಆದರೆ ಹಿಂತಿರುಗಿ ಬರಲೆಂದು ಕಟ್ಟಿದ ದಾರಿಯಲ್ಲಿ ಇಷ್ಟು ಜನ ಕಾಲೇ ಇಡದಿರುವುದಕ್ಕೆ ಚಾಲಕರನ್ನಷ್ಟೇ ದೂರಿ ಪ್ರಯೋಜನವಿಲ್ಲ.

ಪರೀಕ್ಷೆಯಲ್ಲಿ ಪಾಸಾಗಿ, ಇಳಿದ ಪರವಾನಗಿಯನ್ನು ರಾಜ್ಯದಿಂದ ಮತ್ತೆ ಪಡೆದು ಸ್ಟೇರಿಂಗ್ ಹಿಡಿದವನ ಬೆನ್ನಿಗೆ 'ಅನುಸರಣಾ ಪರೀಕ್ಷೆ'ಗಳು ಬರುತ್ತವೆ. ಮೊದಲ 12 ತಿಂಗಳಲ್ಲಿ ಕನಿಷ್ಠ ಆರು. ತಜ್ಞರು ಬಯಸಿದರೆ ಒಟ್ಟು ಐದು ವರ್ಷದವರೆಗೂ ಅವು ಮುಂದುವರಿಯಬಹುದು. ಎಷ್ಟು ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ ಎಂಬ ಪಟ್ಟಿಯನ್ನು ತಜ್ಞರು ಮಾಲೀಕನಿಗೆ ಕಳಿಸುತ್ತಾರೆಯೇ ಹೊರತು ಚಾಲಕನಿಗೆ ತೋರಿಸುವುದಿಲ್ಲ. ಅವನು ಕಂಪನಿ ಬದಲಿಸಿದರೆ ಪಟ್ಟಿಯೂ ಜೊತೆಗೇ ಹೋಗುತ್ತದೆ. ಪ್ರತಿ ಸಲವೂ ಅದೇ ಲೋಟ, ಅದೇ ಉಷ್ಣತೆಯ ಪಟ್ಟಿ, ಎದುರಿಗೆ ನಿಂತ ಅದೇ ಬಗೆಯ ವೀಕ್ಷಕ. ಉಳಿದ ಚಾಲಕರಂತೆ ಚೀಟಿ ಎತ್ತುವ ಪರೀಕ್ಷೆಯ ಪಟ್ಟಿಯಲ್ಲೂ ಅವನ ಹೆಸರು ಇದ್ದೇ ಇರುತ್ತದೆ, ಮತ್ತು ಅದರಲ್ಲಿ ಅವನ ಸರದಿ ಬಂದು ಪರೀಕ್ಷೆಯಾದರೆ ಅದು ಆ ಆರರ ಲೆಕ್ಕಕ್ಕೆ ಸೇರುವುದಿಲ್ಲ.