ಕಾವೇರಿ ಕಾಣದವನ ಕಾವೇರಿ

ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿಗೋಲು ಹತ್ತಿದಾಗ ನನ್ನ ಮೊಬೈಲಿನಲ್ಲಿ ಒಂದು ಜಲವರ್ಣ ಚಿತ್ರವಿತ್ತು: ಶ್ರೀರಂಗಪಟ್ಟಣದ ಮುತ್ತಿಗೆ, ಸುಮಾರು 1800ರದ್ದು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಬರೆದವನು ಇಂಗ್ಲಿಷ್ ಚಿತ್ರಕಾರ ಜೆ.ಎಂ.ಡಬ್ಲ್ಯು. ಟರ್ನರ್. ಬಂದರು, ಹಾಯಿದೋಣಿ, ಬಿರುಗಾಳಿ ಎಂದರೆ ಜೀವ ಬಿಡುತ್ತಿದ್ದ ಈ ಪುಣ್ಯಾತ್ಮ ಭಾರತಕ್ಕೆ ಕಾಲಿಡದೆಯೇ ನಮ್ಮ ಕೋಟೆಯನ್ನೂ ಬರೆದುಬಿಟ್ಟಿದ್ದಾನೆ!

ಅಂಬಿಗನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ಇದ್ಯಾವೂರು ಸಾ? ನಮ್ ಹೊಳೆ ಅಲ್ಲ ಬುಡಿ" ಅಂದ. ಕಲಾವಿಮರ್ಶೆ ಮುಗಿಯಿತು.

ನನಗೂ ಆಮೇಲೆ ಹರಿಗೋಲಿನ ಮೇಲೇ ಕಣ್ಣು. ಸೀಳಿದ ಬಿದಿರಿನ ಹೆಣಿಗೆ. ಹಿಂದೆ ಅದಕ್ಕೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿದ್ದರೂ ಬಂಡೆಗಳ ನಡುವೆ ನುಸುಳುತ್ತದೆ. ಹಿಂದು ಮುಂದು ಎಂಬುದಿಲ್ಲ. ಅಂಬಿಗ ಹೋಗುವ ದಿಕ್ಕಿಗೇ ಮುಖಮಾಡಿ, ಹುಟ್ಟನ್ನು ಎದುರಿಗೆ ಇಳಿಸಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಎಳೆತ ಒಂದೇ ಕಡೆಗೆ ವಾಲಿತೋ, ಗಿರಗಿರ ತಿರುಗುತ್ತದೆ. ಪ್ರವಾಸಿಗರು ದುಡ್ಡು ಕೊಡುವುದೇ ಆ ಗಿರಕಿಗೆ, ಬಿಡಿ. ದಡ ಸೇರಿದ ಮೇಲೆ ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆದರಾಯಿತು. ಚಿತ್ರದ ಆ ಮುತ್ತಿಗೆಯಲ್ಲಿ ಬ್ರಿಟಿಷರ ಕಡೆಯಿದ್ದ ಆರ್ಥರ್ ವೆಲ್ಲೆಸ್ಲಿ ಕೂಡ ಮುಂದೆ ತನ್ನ ದಂಡಯಾತ್ರೆಗಳಲ್ಲಿ ಹೊಳೆ ದಾಟಲು ಇಂಥ ಬುಟ್ಟಿದೋಣಿಗಳನ್ನೇ ನೆಚ್ಚಿಕೊಂಡ.

ಆದರೆ 1799ರ ಮೇ 4ರ ಮಧ್ಯಾಹ್ನ ಟಿಪ್ಪುವಿನ ಈ ಕೋಟೆಗೆ ನುಗ್ಗಲು ಕಂಪನಿ ಸೇನೆಗೆ ದೋಣಿ ಬೇಕಾಗಲಿಲ್ಲ. ಬೇಸಿಗೆಯ ಹೊಳೆ, ಸಿಪಾಯಿಗಳು ಬಂಡೆ ತುಳಿದು ನೀರಲ್ಲೇ ನಡೆದು ಒಡೆದ ಕೋಟೆಗೋಡೆ ಸೇರಿದರು. 1791ರಲ್ಲಿ ಇದೇ ಕೋಟೆಯ ಮೇಲೆ ದಂಡೆತ್ತಿ ಬಂದು ಮಳೆಗೆ ಸಿಕ್ಕಿ, ಭಾರೀ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಪಾಡು ಅವರಿಗೆ ನೆನಪಿತ್ತು. ಮುಂಗಾರು ಕೆಲವು ವಾರ ಮೊದಲೇ ಬಂದಿದ್ದರೆ ಟಿಪ್ಪುವಿನ ಕಥೆ ಬೇರೆಯಾಗುತ್ತಿತ್ತೆಂದು ನನ್ನ ಗುಮಾನಿ. ಈಗ ಪರೀಕ್ಷಿಸುವಂತಿಲ್ಲ, ಹೊಳೆಯ ಮಟ್ಟ ಕನ್ನಂಬಾಡಿ ಕಟ್ಟೆಯ ಕೈಯಲ್ಲಿದೆ.

ಊರು ಕಾಣದೆ ಊರು ಬರೆದವನು ಟರ್ನರ್ ಒಬ್ಬನೇ ಅಲ್ಲ. ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ಇದೇ ದಾಳಿಯ ಸುಮಾರು 120 ಅಡಿ ಉದ್ದದ ಪನೋರಮಾ ತೂಗಿಸಿದ. ಅವನೂ ಇತ್ತ ಬಂದವನಲ್ಲ. ಕಾರ್ನ್‌ವಾಲಿಸನ ದಂಡಿನೊಂದಿಗೆ ಬಂದು ಕಣ್ಣಾರೆ ಕಂಡು ಬರೆದ ರಾಬರ್ಟ್ ಹೋಮ್ ಇದ್ದಾನಲ್ಲ, 1794ರ ಅವನ ಮೈಸೂರು ಚಿತ್ರಗಳ ಪುಸ್ತಕವನ್ನು ಮುಂದಿನ ಸಲ ಅಂಬಿಗನಿಗೆ ತೋರಿಸಬೇಕು. ಅವನು ಅದನ್ನಾದರೂ ಒಪ್ಪಿಯಾನು.