ಹಬ್, ಸ್ವಿಚ್, ರೂಟರ್: ವ್ಯಾಪಾರಿಗಳು ಅರಿತಿರಬೇಕಾದ ವ್ಯತ್ಯಾಸ

ಇಂದು ಎರಡು-ಮೂರು ಕಂಪ್ಯೂಟರುಗಳಿಲ್ಲದ ಅಂಗಡಿಯಾಗಲಿ ಸಣ್ಣ ಕಾರ್ಖಾನೆಯಾಗಲಿ ವಿರಳ. ಅವುಗಳ ತಂತಿಗಳೆಲ್ಲ ಬಂದು ಸೇರುವ ಮೂಲೆಯಲ್ಲಿ, ದೀಪ ಮಿನುಗುವ ಪುಟ್ಟ ಪೆಟ್ಟಿಗೆಗಳಿರುತ್ತವೆ. ಹೊರನೋಟಕ್ಕೆ ಒಂದೇ ತೆರನಾಗಿ ಕಂಡರೂ ಇವುಗಳ ಕಾರ್ಯ ಬೇರೆ ಬೇರೆ. ಈ ಭೇದವನ್ನು ಅರಿಯದಿದ್ದಲ್ಲಿ ಬೇಡದ ಉಪಕರಣಕ್ಕೆ ಹಣ ವ್ಯಯವಾಗುವುದಲ್ಲದೆ, ಲೆಕ್ಕಪತ್ರಗಳ ಗೋಪ್ಯತೆಗೂ ಧಕ್ಕೆ ಒದಗಬಹುದು.

ವಾರ್ಷಿಕ ಒಟ್ಟು ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ನೋಂದಾಯಿತ ವ್ಯಾಪಾರಿಗಳಿಗೆ ನೀಡುವ ಬಿಲ್ಲುಗಳಿಗೆ, ಕೆಲವು ವಿನಾಯಿತಿಗಳ ಹೊರತು, 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಸಂಪರ್ಕ ಕಡಿದರೆ ಸರಕು ತುಂಬಿದ ಲಾರಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಆದುದರಿಂದ ಈ ವಿಷಯವನ್ನು ಸಂಪೂರ್ಣವಾಗಿ ತಂತ್ರಜ್ಞರಿಗೇ ಬಿಟ್ಟುಬಿಡುವುದು ಉಚಿತವಲ್ಲ.

ಯಾವುದರ ಕೆಲಸ ಏನು?

ಹಬ್: ಒಂದು ಕಂಪ್ಯೂಟರಿನಿಂದ ಬಂದ ಮಾಹಿತಿಯನ್ನು ತನಗೆ ಜೋಡಿಸಿರುವ ಉಳಿದೆಲ್ಲ ಕಂಪ್ಯೂಟರುಗಳಿಗೂ ಕಳುಹಿಸುತ್ತದೆ. ಒಬ್ಬನಿಗೆ ಹೇಳಬೇಕಾದುದನ್ನು ಊರಿಗೆಲ್ಲ ಡಂಗುರ ಸಾರಿದಂತೆ. ಇದರಿಂದ ವೇಗವೂ ಕುಂದುತ್ತದೆ, ಗುಟ್ಟೂ ಉಳಿಯುವುದಿಲ್ಲ. ಹಳೆಯ ಕಚೇರಿಗಳಲ್ಲಿ ಇನ್ನೂ ಹಬ್ ಇದ್ದಲ್ಲಿ ಬದಲಾಯಿಸುವುದು ಲೇಸು.

ಸ್ವಿಚ್: ಯಾವ ಕಂಪ್ಯೂಟರು ಯಾವ ಕಿಂಡಿಗೆ ಜೋಡಿಸಲ್ಪಟ್ಟಿದೆ ಎಂಬುದನ್ನು ನೆನಪಿಟ್ಟುಕೊಂಡು, ಮಾಹಿತಿಯನ್ನು ಸಂಬಂಧಪಟ್ಟ ಕಂಪ್ಯೂಟರಿಗೆ ಮಾತ್ರ ತಲುಪಿಸುತ್ತದೆ, ವಿಳಾಸ ನೋಡಿ ಕಾಗದ ಕೊಡುವ ಅಂಚೆಯವನಂತೆ.

ರೂಟರ್: ಹಬ್ ಮತ್ತು ಸ್ವಿಚ್‌ಗಳು ಕಚೇರಿಯೊಳಗಿನ ಕಂಪ್ಯೂಟರುಗಳನ್ನು ಕೂಡಿಸಿದರೆ, ರೂಟರ್ ಆ ಒಳಜಾಲವನ್ನು ಹೊರಗಿನ ಅಂತರಜಾಲದೊಡನೆ ಬೆಸೆಯುತ್ತದೆ. ಇದು ಕಚೇರಿಯ ಹೆಬ್ಬಾಗಿಲಿದ್ದಂತೆ.

ಮೋಡೆಮ್: ಸೇವಾ ಸಂಸ್ಥೆಯ ತಂತಿಯಲ್ಲಿ ಬರುವ ಸಂಕೇತವನ್ನು ನಮ್ಮ ಉಪಕರಣಗಳಿಗೆ ಅರ್ಥವಾಗುವಂತೆ ಪರಿವರ್ತಿಸುತ್ತದೆ. ಫೈಬರ್ ಸಂಪರ್ಕದಲ್ಲಿ ಈ ಕೆಲಸವನ್ನು ಓಎನ್‌ಟಿ ಎಂಬ ಪೆಟ್ಟಿಗೆ ಮಾಡುತ್ತದೆ.

ಆಕ್ಸೆಸ್ ಪಾಯಿಂಟ್: ತಂತಿಯ ಜಾಲವನ್ನು ವೈಫೈ ರೂಪದಲ್ಲಿ ಒದಗಿಸುತ್ತದೆ.

ಮಾರುಕಟ್ಟೆಯಲ್ಲಿ ವೈಫೈ ರೂಟರ್ ಎಂದು ದೊರೆಯುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ರೂಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್ ಮೂರೂ ಅಡಕವಾಗಿರುತ್ತವೆ. ಗೊಂದಲಕ್ಕೆ ಇದೇ ಮುಖ್ಯ ಕಾರಣ.

ದೋಷ ಎಲ್ಲಿದೆ?

ಕಂಪ್ಯೂಟರು ನಿಧಾನವೆಂದು ದೂರುವ ಮುನ್ನ ಒಂದು ಸರಳ ಪರೀಕ್ಷೆ ಮಾಡಬಹುದು. ಅಂತರಜಾಲದ ತಂತಿಯನ್ನು ತೆಗೆದು, ಕಚೇರಿಯ ಮುಖ್ಯ ಕಂಪ್ಯೂಟರಿನಲ್ಲಿರುವ ದಾಸ್ತಾನಿನ ಲೆಕ್ಕವನ್ನು ಇನ್ನೊಂದರಿಂದ ತೆರೆಯಿರಿ. ಆಗಲೂ ತಡವಾದರೆ ದೋಷ ಸ್ವಿಚ್, ತಂತಿ ಅಥವಾ ಕಂಪ್ಯೂಟರಿನಲ್ಲಿರಬಹುದು. ಹೊಸ ರೂಟರ್ ಕೊಂಡು ಫಲವಿಲ್ಲ. ಒಳಗಿನ ಕೆಲಸ ಸುಗಮವಾಗಿದ್ದು ಜಿಎಸ್‌ಟಿ ಜಾಲತಾಣ ಮಾತ್ರ ತೆರೆಯದಿದ್ದರೆ ರೂಟರ್, ಸೇವಾ ಸಂಸ್ಥೆ ಅಥವಾ ಆ ಜಾಲತಾಣದ ಕಡೆ ಗಮನ ಹರಿಸಬೇಕು. ತಾಮ್ರದ ನೆಟ್‌ವರ್ಕ್ ತಂತಿಯ ಮಿತಿ ಸಾಮಾನ್ಯವಾಗಿ 100 ಮೀಟರ್ ಎಂಬುದನ್ನು, ಗೋದಾಮು ದೂರವಿರುವವರು ನೆನಪಿಡಬೇಕು.

ಹೆಬ್ಬಾಗಿಲಿನ ಕಾವಲು

ಗಿರಾಕಿಗಳಿಗೆ, ಬಂದುಹೋಗುವ ಪ್ರತಿನಿಧಿಗಳಿಗೆ ವೈಫೈ ಗುಪ್ತಪದ ಹೇಳುವ ರೂಢಿ ಅನೇಕ ಕಡೆ ಇದೆ. ಅವರ ಮೊಬೈಲು ಆಗ ನಮ್ಮ ಲೆಕ್ಕದ ಕಂಪ್ಯೂಟರಿರುವ ಜಾಲದೊಳಕ್ಕೇ ಬಂದಂತಾಗುತ್ತದೆ. ಬಹುತೇಕ ಹೊಸ ರೂಟರ್‌ಗಳಲ್ಲಿ ಅತಿಥಿಗಳಿಗೆಂದೇ ಪ್ರತ್ಯೇಕ ವೈಫೈ ಜಾಲ ನೀಡುವ ಸೌಲಭ್ಯವಿದ್ದು, ಅದನ್ನು ಬಳಸಬೇಕು. ತಯಾರಕರು ನೀಡಿದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಬೇಕು.

ಲೆಕ್ಕಪತ್ರದಲ್ಲಿ ಸ್ಥಾನ

ರೂಟರ್ ಮತ್ತು ಸ್ವಿಚ್‌ಗಳು ಕಂಪ್ಯೂಟರ್ ವರ್ಗಕ್ಕೆ ಸೇರುವುವೇ ಎಂಬ ಪ್ರಶ್ನೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದವರೆಗೂ ಹೋಗಿತ್ತು. ಕಂಪ್ಯೂಟರಿನೊಡನೆ ಅದರ ಅಂಗವಾಗಿ ಬಳಸಿದಾಗ ಅವು ಆ ವರ್ಗಕ್ಕೇ ಸೇರುತ್ತವೆಂದು ಮುಂಬಯಿಯ ವಿಶೇಷ ಪೀಠವು ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ 2010ರಲ್ಲಿ ತೀರ್ಪಿತ್ತಿತು. ಅಂದು ಶೇ. 60ರಷ್ಟಿದ್ದ ಸವಕಳಿ ದರ 2017-18ನೇ ಆರ್ಥಿಕ ವರ್ಷದಿಂದ ಶೇ. 40ಕ್ಕೆ ಇಳಿದಿದೆ. ಆದರೂ ಸಾಮಾನ್ಯ ಯಂತ್ರೋಪಕರಣಗಳ ಶೇ. 15ಕ್ಕಿಂತ ಇದು ಲಾಭದಾಯಕ. ಕಂಪನಿಗಳಾದರೋ, 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಂತೆ ಸರ್ವರ್ ಹಾಗೂ ನೆಟ್‌ವರ್ಕ್ ಉಪಕರಣಗಳಿಗೆ 6 ವರ್ಷ, ಮೇಜಿನ ಕಂಪ್ಯೂಟರುಗಳಿಗೆ 3 ವರ್ಷ ಬಾಳಿಕೆ ಎಣಿಸಬೇಕು.

ಆದ್ದರಿಂದ ಖರೀದಿಗೆ ಮುನ್ನ ದರಪಟ್ಟಿಯಲ್ಲಿ ಪ್ರತಿಯೊಂದು ಉಪಕರಣದ ಹೆಸರು, ಕಿಂಡಿಗಳ ಸಂಖ್ಯೆ, ವೇಗ ಮತ್ತು ಬೆಲೆಯನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೇಳಿರಿ. ಬಿಲ್ಲಿನಲ್ಲಿ ಬರಿದೇ "ನೆಟ್‌ವರ್ಕ್ ಸಾಮಗ್ರಿ" ಎಂದಿದ್ದರೆ, ಕೊಂಡದ್ದೇನೆಂದು ಮಾಲೀಕರಿಗೂ ತಿಳಿಯದು, ಲೆಕ್ಕ ಪರಿಶೋಧಕರಿಗೂ ತಿಳಿಯದು.